ಗಂಟಿನ ಗಂಟು ಬಿಚ್ಚಿತು, ಕಾಳು ಮಾತ್ರ 91

ಎರಡು ವಾರ ತಲೆ ತಿಂದ ಲೆಕ್ಕ ನಿನ್ನೆ ರಾತ್ರಿ ಬಗೆಹರಿಯಿತು. ಅದಕ್ಕೆ ಒಂದು ರೀತಿಯಲ್ಲಿ, ಲೆಕ್ಕ ಮಾಡಲು ತರಿಸಿದ ಮಂಜೊಟ್ಟಿ ಕಾಳು (ನುಣುಪಾದ ಕೆಂಪು ಬೀಜ) ಮಾರಿದವನೇ ಕಾರಣ. ನಾನು ದುಡ್ಡು ಕೊಟ್ಟಿದ್ದು 100 ಕಾಳಿಗೆ, ಬಂದಿದ್ದು 91. ಫೋನ್ ಮಾಡಿದರೆ "ತೂಕದ ಮೇಲೆ ಹಾಕ್ತೀವಿ ಸಾರ್, ಎಣಿಸ್ತಾ ಕೂತ್ರೆ ಆಗುತ್ತಾ?" ಅಂದ. ಪ್ಯಾಕೆಟ್ ಮೇಲೆ ದಪ್ಪಕ್ಷರದಲ್ಲಿ 100 ಅಂತಲೇ ಇದೆ!

ಲೆಕ್ಕ ಗಣಿತಜ್ಞ ಮಹಾವೀರಾಚಾರ್ಯರದು, ಅಮೋಘವರ್ಷ ನೃಪತುಂಗನ ಕಾಲದ, ಸುಮಾರು ಕ್ರಿ.ಶ. 850ರ 'ಗಣಿತಸಾರಸಂಗ್ರಹ'ದಲ್ಲಿದೆ. ಮೂವರು ವ್ಯಾಪಾರಿಗಳಿಗೆ ದಾರಿಯಲ್ಲಿ ಹಣದ ಗಂಟು ಕಾಣುತ್ತದೆ. "ಇದು ನನಗೆ ಸಿಕ್ಕರೆ ನಿಮ್ಮಿಬ್ಬರ ಒಟ್ಟು ಹಣದ ಎರಡರಷ್ಟು ನನ್ನ ಹತ್ತಿರ ಇರುತ್ತೆ" ಅನ್ನುತ್ತಾನೆ ಮೊದಲನೆಯವನು. ಎರಡನೆಯವನು ಮೂರರಷ್ಟು ಅನ್ನುತ್ತಾನೆ, ಮೂರನೆಯವನು ಐದರಷ್ಟು. ಗಂಟಿನಲ್ಲಿ ಎಷ್ಟು, ಒಬ್ಬೊಬ್ಬರ ಕೈಯಲ್ಲಿ ಎಷ್ಟು?

ಹಳೆಯ ಲೆಕ್ಕಗಳನ್ನು ಕಾಳು ಇಟ್ಟೇ ಬಿಡಿಸಬೇಕು, ಎಕ್ಸ್-ವೈ ಸಮೀಕರಣ ಮುಟ್ಟುವಂತಿಲ್ಲ ಅನ್ನುವುದು ನನ್ನ ನೇಮ. ಮೊದಲನೆಯವನ ಕೈಗೆ 10 ಕಾಳು ಕೊಟ್ಟು ಉಳಿದವರದನ್ನು ಹೊಂದಿಸುತ್ತಾ ಹೋದೆ. ಎರಡನೆಯವನ ಮಾತು ನಿಜವಾಗುವ ಹೊತ್ತಿಗೆ ಮೊದಲನೆಯವನದು ಸುಳ್ಳಾಗುತ್ತಿತ್ತು. ಹರಿದ ಚಾಪೆಯಲ್ಲಿ ಮೂವರನ್ನು ಮಲಗಿಸಿದ ಹಾಗೆ.

ಮೊದಲೇ ಒಂಬತ್ತು ಖೋತಾ, ಇನ್ನು ಕಳೆದುಕೊಂಡರೆ ಕಷ್ಟ ಅಂತ ಪ್ರತಿ ರಾತ್ರಿ ಎಣಿಸಿಯೇ ಡಬ್ಬಿಗೆ ಹಾಕುತ್ತಿದ್ದೆ. ಆಟಕ್ಕೆ ತೆಗೆದಿದ್ದು 60. ಗಂಟು ಯಾರ ಮಡಿಲಿಗೆ ಬಿದ್ದ ದಿನವೂ ಅದೇ 60. ನಿನ್ನೆ ಎಣಿಸುತ್ತಾ 43ಕ್ಕೆ ಬಂದಾಗ ಕೈ ನಿಂತಿತು. ಗಂಟೂ ಸೇರಿ ಒಟ್ಟು ಹಣ ಬದಲಾಗುವುದೇ ಇಲ್ಲವಲ್ಲ! ಮೊದಲನೆಯವನದು ಎರಡು ಪಾಲು, ಉಳಿದಿಬ್ಬರದು ಒಂದು ಪಾಲು ಅಂದರೆ ಆ ಇಬ್ಬರ ಹತ್ತಿರ ಇರುವುದು ಒಟ್ಟಿನ ಮೂರನೇ ಒಂದು. ಹಾಗೆಯೇ ಎರಡನೆಯವನನ್ನು ಬಿಟ್ಟರೆ ನಾಲ್ಕನೇ ಒಂದು, ಮೂರನೆಯವನನ್ನು ಬಿಟ್ಟರೆ ಆರನೇ ಒಂದು.

60ಕ್ಕೆ ಹಾಕಿದೆ: 20, 15, 10. ಕೂಡಿದರೆ 45. ಇದರಲ್ಲಿ ಪ್ರತಿಯೊಬ್ಬನೂ ಎರಡೆರಡು ಸಲ ಬಂದಿದ್ದಾನೆ, ಹಾಗಾಗಿ ಮೂವರ ಕೈಯಲ್ಲಿ ಇಪ್ಪತ್ತೆರಡೂವರೆ. ಮಂಜೊಟ್ಟಿ ಕಾಳನ್ನು ಅರ್ಧ ಮಾಡಿ ನೋಡಿದ್ದೀರಾ? ಅಡಕತ್ತರಿಯಲ್ಲೂ ಜಾರಿ ಸೋಫಾದಡಿಗೆ ಹೋಯಿತು.

ಒಟ್ಟು 24 ಇಟ್ಟೆ. 8, 6, 4. ಕೂಡಿದರೆ 18, ಅರ್ಧ 9. ಒಂಬತ್ತರಲ್ಲಿ ಆ 8, 6, 4ನ್ನು ಬೇರೆಬೇರೆಯಾಗಿ ಕಳೆದರೆ ಕೈಯಲ್ಲಿರುವುದು 1, 3, 5. ಗಂಟಿನಲ್ಲಿ 15. ಒಂದು ಕಾಸಿನವನ ಜಂಬ ನೋಡಿ! ಎಲ್ಲವನ್ನೂ ದುಪ್ಪಟ್ಟು ಮಾಡಿದರೂ ಲೆಕ್ಕ ಕೂಡುತ್ತದೆ; ನಿಶ್ಚಯವಾಗುವುದು ಅನುಪಾತ ಮಾತ್ರ. ನಾನು 10ರಿಂದ ಶುರು ಮಾಡಿದ್ದೂ ತಪ್ಪಲ್ಲ, ಆದರೆ ಆಗ ಗಂಟಿಗೇ 150 ಕಾಳು ಬೇಕಿತ್ತು.

ಮುಂದಿನದು ಅದೇ ಗ್ರಂಥದ ಹಕ್ಕಿ ಲೆಕ್ಕ. 5 ಪಾರಿವಾಳಕ್ಕೆ 3 ಪಣ (ಆಗಿನ ನಾಣ್ಯ), 7 ಸಾರಸಕ್ಕೆ 5, 9 ಹಂಸಕ್ಕೆ 7, 3 ನವಿಲಿಗೆ 9. ರಾಜಕುಮಾರನಿಗೆ 100 ಪಣಕ್ಕೆ 100 ಹಕ್ಕಿ ತರಬೇಕು. ಒಂದು ಎಳೆ ಆಗಲೇ ಸಿಕ್ಕಿದೆ: ಮೊದಲ ಮೂರರಲ್ಲಿ ಯಾವ ಕಟ್ಟು ಕೊಂಡರೂ ಹಕ್ಕಿಗಿಂತ ಪಣ ಎರಡು ಕಮ್ಮಿ, ನವಿಲಿನ ಕಟ್ಟಿಗೆ ಆರು ಜಾಸ್ತಿ. ಅಂದರೆ ಒಂದು ಕಟ್ಟು ನವಿಲಿಗೆ ಬೇರೆ ಮೂರು ಕಟ್ಟು ಸರಿಸಮ. ನೂರು ಮಾತ್ರ ಇನ್ನೂ ಕೂಡಿಲ್ಲ.

ಕಾಳೂ ಕೂಡಿಲ್ಲ. ಸೋಫಾದಡಿಯದು ಸಿಕ್ಕಿದರೆ ಒಂಬತ್ತು, ಇಲ್ಲದಿದ್ದರೆ ಹತ್ತು ನವಿಲು ಹುಣಸೆ ಬೀಜದವು.