ಕಾಂಡ್ಲಾ ಕೊನೆಗೂ ಎಲೆ ಬಿಟ್ಟಿತು, ಕಳ್ಳ ಸಿಕ್ಕಿಬಿದ್ದ

ಎಲೆ ಬಂತು! ಒಂದಲ್ಲ, ಜೋಡಿ. ಕಪ್ಪಾಗದೆ, ಸುರುಟಿಕೊಳ್ಳದೆ, ಪೂರ್ತಿ ಬಿಚ್ಚಿಕೊಂಡ ಎಲೆಗಳು. ನನ್ನ ಉಪ್ಪುನೀರಿನ ಹವಳದ ಟ್ಯಾಂಕಿನಲ್ಲಿ ಬೆಳೆಸುತ್ತಿರುವ ಕಾಂಡ್ಲಾ, ಅಂದರೆ ಅಳಿವೆಯ ಮ್ಯಾಂಗ್ರೋವ್ ಗಿಡದ ಕಡ್ಡಿಗಳಿವು. ಹೋದ ಸಲ ಬರೆದಾಗ ಈ ಕಡ್ಡಿಗಳನ್ನೆಲ್ಲ ಎತ್ತಿ ಹಂಡೆ ಒಲೆಗೆ ಹಾಕುತ್ತೇನೆ ಎಂದಿದ್ದೆ. ಆ ಮಾತು ವಾಪಸ್.

ಟ್ಯಾಂಕ್ ಹೊಂದಿಸಿದ ಕತೆಯೆಲ್ಲ ಬಿಡುತ್ತೇನೆ. ಒಟ್ಟು ನೀರು 200 ಲೀಟರ್. ಗಿಡಕ್ಕೆ ತಲೆ ಎತ್ತಲು ಜಾಗ ಬೇಕಲ್ಲ, ಹಾಗಾಗಿ ಸಂಪ್ (ಟ್ಯಾಂಕಿನ ನೀರು ಸೋಸುವ ಜೊತೆ-ತೊಟ್ಟಿ, ಗಿಡ ಇರುವುದು ಅದರಲ್ಲೇ) ಕ್ಯಾಬಿನೆಟ್‌ನಿಂದ ಹೊರಬಂದು ಟ್ಯಾಂಕಿನ ಪಕ್ಕ ಕೂತಿದೆ. ಅದು ಹಾಲ್‌ನಲ್ಲಿ ಟೀಪಾಯ್ ಇದ್ದ ಜಾಗ. ಟೀಪಾಯ್ ಎಲ್ಲಿ ಹೋಯಿತು ಎಂದು ದಯವಿಟ್ಟು ಕೇಳಬೇಡಿ, ಮನೆಯಲ್ಲಿ ಆ ವಿಷಯ ಇನ್ನೂ ಬಿಸಿಯಾಗಿದೆ.

ಕಡ್ಡಿಗಳ ಕತೆ ಮಾತ್ರ ಹೇಳಲೇಬೇಕು. ಮೊದಲು ಆನ್‌ಲೈನ್‌ನಲ್ಲಿ ತರಿಸಿದ್ದೆ. 'ಲೈವ್ ಮ್ಯಾಂಗ್ರೋವ್' ಎಂದು ಬಂದದ್ದು ಹಳೆ ಪೇಪರಿನಲ್ಲಿ ಸುತ್ತಿದ, ತುದಿ ಮುರಿದ, ನುಗ್ಗೆಕಾಯಿ ಒಣಗಿದಂಥ ಕೋಲುಗಳು. ಫೋನ್ ಮಾಡಿದರೆ, "ಸರ್, ನೀರಿಗೆ ಹಾಕಿ, ಚಿಗುರುತ್ತೆ." ತುದಿಯ ಮೊಗ್ಗೇ ಇಲ್ಲವಲ್ಲ ಎಂದೆ. "ಅದೂ ಬರುತ್ತೆ ಸರ್." ದುಡ್ಡು ಮಾತ್ರ ವಾಪಸ್ ಬರಲಿಲ್ಲ.

ಆಮೇಲೆ ನೆನಪಾದದ್ದು ಕುಮಟಾದ ಗೆಳೆಯ. ಅವನ ಮನೆಯವರದು ಅಘನಾಶಿನಿ ಹಿನ್ನೀರಿನ ಗಜನಿ ಗದ್ದೆ. ಉಪ್ಪುನೀರು ನುಗ್ಗಿದರೂ ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಾರಲ್ಲ, ಅದೇ ಜಾಗ. ಗದ್ದೆಯ ಕಟ್ಟೆ ಕೊಚ್ಚಿಹೋಗದಿರಲಿ ಎಂದು ಅವನ ಅಪ್ಪ ಕಟ್ಟೆಯುದ್ದಕ್ಕೂ ತಾವೇ ಕಾಂಡ್ಲಾ ನೆಟ್ಟಿದ್ದಾರೆ. ಆ ಮರಗಳಿಂದ ಮಳೆಗಾಲದಲ್ಲಿ ಉದುರಿದ ರೈಜೋಫೋರಾ (ಕಾಂಡ್ಲಾದ ಒಂದು ಬಗೆ) ಪ್ರೊಪಗ್ಯೂಲ್‌ಗಳನ್ನು, ಅಂದರೆ ಮರದಲ್ಲೇ ಮೊಳೆತ ಕೋಲಿನಂಥ ಸಸಿಗಳನ್ನು, ಒದ್ದೆ ಗೋಣಿಚೀಲದಲ್ಲಿ ಸುತ್ತಿ ರಾತ್ರಿ ಬಸ್ಸಿಗೆ ಹಾಕಿ ಕಳಿಸಿದರು. ಒಂದರ ತುದಿಯೂ ಮುರಿದಿರಲಿಲ್ಲ. ಹಾಗೆಂದು ನೀವು ಕಾಂಡ್ಲಾ ಕಾಡಿಗೆ ಕೈ ಹಾಕಬೇಡಿ ಮಾರಾಯರೇ, ಅದಕ್ಕೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮದ ರಕ್ಷಣೆ ಇದೆ. ಅಘನಾಶಿನಿ ಅಳಿವೆಗಂತೂ 2024ರಲ್ಲಿ ರಾಮ್ಸಾರ್ ಪಟ್ಟವೂ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ ಎಂಬ ಮನ್ನಣೆ) ಸಿಕ್ಕಿದೆ.

ಬೇರು ಬಂತು. ಬಿಳಿ ಬೇರು, ಗಟ್ಟಿಮುಟ್ಟಾಗಿ. ಅಲ್ಲಿಯವರೆಗೆ ಎಲ್ಲ ಸುಸೂತ್ರ. ತಲೆನೋವು ಶುರುವಾದದ್ದು ಮೇಲಿನ ತುದಿಯಲ್ಲಿ.

ರೈಜೋಫೋರಾ ಮೊಗ್ಗನ್ನು ಹತ್ತಿರದಿಂದ ನೋಡಿದ್ದೀರಾ? ಎರಡು ಪೊರೆ ಸೇರಿ ಚೂಪಾದ ಟೋಪಿ ಆಗಿರುತ್ತದೆ. ಒಳಗೆ ಎರಡು ಎಲೆ ಬಿಗಿಯಾಗಿ ಸುತ್ತಿಕೊಂಡಿರುತ್ತವೆ. ಎಲೆ ಉಬ್ಬಿದಾಗ ಟೋಪಿ ಬಿರಿದು ಉದುರಬೇಕು, ಕಾಂಡದ ಮೇಲೆ ಒಂದು ಉಂಗುರದ ಗುರುತು ಉಳಿಯಬೇಕು. ನನ್ನಲ್ಲಿ ಟೋಪಿ ಉದ್ದವಾಗುತ್ತಿತ್ತು, ಹಸಿರಾಗಿಯೇ ಇರುತ್ತಿತ್ತು, ಇನ್ನೇನು ಬಿಚ್ಚಿತು ಎನ್ನುವಾಗ ತುದಿಯಿಂದ ಕಂದು ಬಣ್ಣ ಇಳಿಯುತ್ತಿತ್ತು. ಮುಟ್ಟಿದರೆ ಗರಿಗರಿ. ಬ್ಲೇಡಿನಲ್ಲಿ ಒಂದನ್ನು ಸೀಳಿ ನೋಡಿದೆ. ಒಳಗಿನ ಎಲೆಯ ಬುಡ ತಿಳಿ ಹಸಿರು, ತುದಿ ಮಾತ್ರ ಚಹಾಪುಡಿಯ ಬಣ್ಣ. ಕೊಳೆತಿಲ್ಲ, ವಾಸನೆಯಿಲ್ಲ. ಒಣಗಿದೆ. ಬೇರು ನೀರಿನಲ್ಲಿ, ತಲೆ ಬರಗಾಲದಲ್ಲಿ!

ಮೊದಲ ಅನುಮಾನ ಮೆಗ್ನೀಸಿಯಂ ಮೇಲೆ. ಮ್ಯಾಂಗ್ರೋವ್ ಇಟ್ಟರೆ ಮೆಗ್ನೀಸಿಯಂ ಕುಡಿದು ಖಾಲಿ ಮಾಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಅಲ್ವಾ? ಅಂಗಡಿಯವನು ಕೊಟ್ಟ ಟೆಸ್ಟ್ ಕಿಟ್‌ನ ಡಬ್ಬಿ ಮೇಲೆ ತಾರೀಖಿನ ಜಾಗಕ್ಕೆ ಸರಿಯಾಗಿ ಬೆಲೆಯ ಸ್ಟಿಕ್ಕರ್. ಕಿತ್ತು ನೋಡಿದರೆ ಅವಧಿ ಮುಗಿದಿತ್ತು. ಜಗಳಾಡಿ ಬೇರೆ ತಂದೆ. 1290 ಪಿಪಿಎಂ (ಲೀಟರಿಗೆ ಇಷ್ಟು ಮಿಲಿಗ್ರಾಂ) ಬಂತು. ಸಮುದ್ರದ ನೀರಿನಲ್ಲಿ ಇರುವಷ್ಟೇ. ಎಲೆಯೇ ಇಲ್ಲದ ನಾಲ್ಕು ಕಡ್ಡಿ ಎಷ್ಟು ತಾನೇ ಕುಡಿದಾವು?

ಎರಡನೆಯದು ಲೈಟು. ಎಲ್‌ಇಡಿ ಹತ್ತಿರವಾಗಿ ಸುಡುತ್ತಿದೆಯೇನೋ ಎಂದು ಮೇಲೆತ್ತಿದೆ. ವ್ಯತ್ಯಾಸ ಇಲ್ಲ. ಹಾಲ್ ಮಾತ್ರ ರಾತ್ರಿಯೂ ಬಸ್ ಸ್ಟ್ಯಾಂಡಾಯಿತು.

ಮೂರನೆಯದು ಉಪ್ಪು. ಗೆಳೆಯನ ಅಪ್ಪನಿಗೆ ಫೋಟೋ ಕಳಿಸಿದ್ದೆ. "ಉಪ್ಪು ಜಾಸ್ತಿ ಆಯ್ತೇನ ತಮಾ" ಎಂದರು. ಅದು ಸುಮ್ನೆ ತಳ್ಳಿಹಾಕುವ ಮಾತಲ್ಲ. ಮಳೆಗಾಲದಲ್ಲಿ ಅಳಿವೆಯ ನೀರು ಬಹುತೇಕ ಸಿಹಿಯಾಗಿರುತ್ತದೆ, ನನ್ನ ಟ್ಯಾಂಕ್ 35 ಪಿಪಿಟಿ, ಅಂದರೆ ಸಮುದ್ರದಷ್ಟೇ ಉಪ್ಪು. ಆದರೆ ನಾನು ನಿಧಾನವಾಗಿಯೇ ಏರಿಸಿದ್ದೆ, ಬೇರು ಚೆನ್ನಾಗಿತ್ತು. ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರನ್ನು 35ರ ದ್ರಾವಣದಲ್ಲಿ ಮತ್ತೆ ಹೊಂದಿಸಿ ನೋಡಿದೆ. ಸರಿಯಿತ್ತು.

ಹಾಗಿದ್ದೂ ಅವರ ಮಾತಿನಲ್ಲೇ ದಾರಿ ಇತ್ತು. ಯೋಚಿಸಿ. ರೈಜೋಫೋರಾ ಉಪ್ಪನ್ನು ಬೇರಿನಲ್ಲೇ ತಡೆದು ನೀರನ್ನು ಮಾತ್ರ ಒಳಗೆ ಎಳೆಯುತ್ತದೆ. ನಮ್ಮ ಆರ್‌ಒ ಫಿಲ್ಟರಿನದೇ ಕೆಲಸ. ಆದರೆ ಆರ್‌ಒದಲ್ಲಿ ಪಂಪು ಹಿಂದಿನಿಂದ ತಳ್ಳುತ್ತದೆ, ಗಿಡ ಮೇಲಿನಿಂದ ಎಳೆಯಬೇಕು. ಸಮುದ್ರದ ನೀರಿನಿಂದ ಸಿಹಿನೀರು ಎಳೆಯಲು ಸುಮಾರು 25 ವಾತಾವರಣದಷ್ಟು ಒತ್ತಡ ಬೇಕೇ ಬೇಕು. ವಿಜ್ಞಾನಿ ಸ್ಕೊಲ್ಯಾಂಡರ್ ಮತ್ತು ಜೊತೆಗಾರರು 1965ರಲ್ಲಿ ಮ್ಯಾಂಗ್ರೋವ್ ಕೊಂಬೆಗಳನ್ನು ಒತ್ತಡದ ಡಬ್ಬಿಯಲ್ಲಿಟ್ಟು ಅಳೆದಾಗ ಅದಕ್ಕಿಂತ ಜಾಸ್ತಿಯೇ ಎಳೆತ ಕಂಡಿತ್ತು. ಅಂದರೆ ಈ ಗಿಡಕ್ಕೆ ಒಂದೊಂದು ಹನಿಯೂ ದುಬಾರಿ. ಮೇಲೆ ಹನಿ ಬೇಗ ಆರಿದರೆ ಕೆಳಗಿನಿಂದ ತುಂಬಿಕೊಡುವುದು ಕಷ್ಟ. ಎಲೆಯೇ ಇಲ್ಲದ ಸಸಿಗಂತೂ ಇನ್ನೂ ಕಷ್ಟ.

ಹಾಗಾದರೆ ಮೇಲೆ ಆರಿಸುತ್ತಿರುವುದು ಯಾರು?

ಸುಳಿವು ಕೊಟ್ಟದ್ದು ಮೂಲೆಯ ಕಡ್ಡಿ. ಸ್ಕಿಮ್ಮರ್ (ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಸಾಧನ) ಹಿಂದೆ, ಲೈಟು ಸರಿಯಾಗಿ ಬೀಳದ ಜಾಗದಲ್ಲಿ ಒಂದನ್ನು ಸಿಕ್ಕಿಸಿ ಮರೆತೇಬಿಟ್ಟಿದ್ದೆ. ಸ್ಕಿಮ್ಮರ್ ಕಪ್ ತೊಳೆಯಲು ಎತ್ತಿದಾಗ ನೋಡುತ್ತೇನೆ, ಅದರ ಟೋಪಿ ಅರ್ಧ ಬಿರಿದಿದೆ! ಲೈಟು ಕಮ್ಮಿ, ನೀರು ಅದೇ, ಉಪ್ಪು ಅದೇ, ಮೆಗ್ನೀಸಿಯಂ ಅದೇ. ಇದಕ್ಕೆ ಸಿಕ್ಕದೆ ಉಳಿದವಕ್ಕೆ ಸಿಕ್ಕಿದ್ದು ಒಂದೇ: ಫ್ಯಾನಿನ ಗಾಳಿ.

ಚಿಲ್ಲರ್ ಕೊಳ್ಳಲಾಗದ ನಾವೆಲ್ಲ ಮಾಡುವುದು ಅದೇ ತಾನೇ. ಎಸ್‌ಪಿ ರೋಡಿನ ಕಂಪ್ಯೂಟರ್ ಫ್ಯಾನುಗಳನ್ನು ಸಂಪ್ ಅಂಚಿಗೆ ಸಿಕ್ಕಿಸಿ ನೀರು ಆರಿಸಿ ತಂಪು ಮಾಡುವುದು. ಬೆಂಗಳೂರಿನ ಮಾರ್ಚ್ ಮಧ್ಯಾಹ್ನದ ಒಣಗಾಳಿ ಬೇರೆ. ಅದೇ ಗಾಳಿ ದಿನವಿಡೀ ಮೊಗ್ಗುಗಳ ಕತ್ತಿಗೆ ಬಡಿಯುತ್ತಿತ್ತು. ಕುಮಟಾದ ಸೆಕೆಯಲ್ಲಿ ಹುಟ್ಟಿದ ಗಿಡಕ್ಕೆ ಇದು ಯಾವ ಶಿಕ್ಷೆ!

ಖಾತ್ರಿ ಮಾಡಿಕೊಳ್ಳಲು ಊದುಬತ್ತಿ ಹಚ್ಚಿದೆ. ಮೂಲೆಯ ಕಡ್ಡಿಯ ಬಳಿ ಹೊಗೆ ನೆಟ್ಟಗೆ ಮೇಲೆ ಹೋಯಿತು. ಉಳಿದ ಮೊಗ್ಗುಗಳ ಬಳಿ ಹಿಡಿದರೆ ಅಡ್ಡಡ್ಡ ಹರಿದು ಗೋಡೆ ಕಡೆ ಓಡಿತು. ಕಳ್ಳ ಸಿಕ್ಕ. ಅತ್ತೆಯವರು ಬಾಗಿಲಲ್ಲಿ ನಿಂತು, "ಅಂತೂ ಇದಕ್ಕೂ ಪೂಜೆ ಶುರುವಾಯ್ತು" ಎಂದು ಒಳಗೆ ಹೋದರು. (ಬೂದಿ ನೀರಿಗೆ ಬೀಳದಂತೆ ನೋಡಿಕೊಳ್ಳಿ. ಕೈಯಲ್ಲಿ ತಟ್ಟೆ ಇರಲಿ.)

ಫ್ಯಾನು ಆಫ್ ಮಾಡಿದರೆ ಆಯಿತಲ್ಲ ಎನ್ನಬೇಡಿ. ಆಫ್ ಮಾಡಿದರೆ ಸಂಜೆಗೆ ನೀರು 30 ಡಿಗ್ರಿ ದಾಟುತ್ತದೆ, ಹವಳಗಳು ಮುಖ ಮುಚ್ಚಿಕೊಳ್ಳುತ್ತವೆ. ಹಾಗಾಗಿ ಫ್ಯಾನುಗಳನ್ನು ಸಂಪ್‌ನ ರಿಟರ್ನ್ ಪಂಪಿನ (ನೀರನ್ನು ಟ್ಯಾಂಕಿಗೆ ವಾಪಸ್ ಕಳಿಸುವ ಪಂಪು) ಕೋಣೆಯ ಮೇಲೆ ಸರಿಸಿ, ಗಿಡಗಳ ಕಡೆ ಸನ್‌ಪ್ಯಾಕ್ ಪ್ಲಾಸ್ಟಿಕ್ ಶೀಟಿನ ಅಡ್ಡಗೋಡೆ ನಿಲ್ಲಿಸಿದೆ. ಜೊತೆಗೆ ಪ್ರತಿ ಮೊಗ್ಗಿಗೂ ತಳ ಕತ್ತರಿಸಿದ ನೀರಿನ ಬಾಟಲಿಯ ಟೋಪಿ. ಬಾಟಲಿ ಪೂರ್ತಿ ಮುಚ್ಚಿದಾಗ ಒಳಗೆ ಹನಿ ಕಟ್ಟಿ ಒಂದು ಮೊಗ್ಗಿಗೆ ಬಿಳಿ ಬೂಷ್ಟು ಬಂತು. ಮುಚ್ಚಳ ತೆಗೆದು, ಸೋಲ್ಡರಿಂಗ್ ಐರನ್‌ನಿಂದ ಬದಿಗೆ ತೂತು ಮಾಡಿದೆ. ಬೂಷ್ಟು ನಿಂತಿತು.

ಈಗ ಜೋಡಿ ಎಲೆ ಬಿಚ್ಚಿರುವುದು ಮೂಲೆಯದ್ದಲ್ಲ, ಬಾಟಲಿಯೊಳಗಿನದು. ಲೈಟು ಚೆನ್ನಾಗಿ ಸಿಕ್ಕಿದ್ದರಿಂದ ಮೂಲೆಯದ್ದನ್ನೂ ಹಿಂದೆ ಹಾಕಿತು. ಎಲೆ ಬಿಚ್ಚಿ ದಪ್ಪವಾಗುವವರೆಗೆ ಬಾಟಲಿ ಇರಲಿ, ಆಮೇಲೆ ಸ್ವಲ್ಪಸ್ವಲ್ಪವೇ ಎತ್ತಿ ಅಭ್ಯಾಸ ಮಾಡಿಸುತ್ತೇನೆ.

ದಿನಾ ಎಲೆಗೆ ಆರ್‌ಒ ನೀರು ಸಿಂಪಡಿಸಿ ಉಪ್ಪು ತೊಳೆಯಿರಿ ಎನ್ನುವ ಸಲಹೆಯ ಬಗ್ಗೆಯೂ ಒಂದು ಮಾತು. ಎಲೆಯಿಂದ ಉಪ್ಪು ಹೊರಹಾಕುವುದು ಅವಿಸೆನಿಯಾ, ಅದು ಬೇರೆ ಬಗೆಯ ಕಾಂಡ್ಲಾ. ಅದರ ಎಲೆ ನೆಕ್ಕಿದರೆ ಉಪ್ಪು ನಾಲಿಗೆಗೆ ಸಿಗುತ್ತದೆ. ರೈಜೋಫೋರಾಕ್ಕೆ ಆ ಗ್ರಂಥಿ ಇಲ್ಲ. ಸ್ಕಿಮ್ಮರ್ ಸಿಡಿಸಿದ ಉಪ್ಪು ಕೂತಿದ್ದರೆ ತೊಳೆಯಿರಿ, ಇಲ್ಲದಿದ್ದರೆ ಬಿಡಿ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ನೀರಿನ ನೈಟ್ರೇಟ್ (ಮೀನಿನ ಗಲೀಜು, ಉಳಿದ ಆಹಾರದಿಂದ ಸೇರುವ ಸಾರಜನಕದ ಲವಣ, ಗಿಡ ಹೀರಿ ತೆಗೆಯಲಿ ಎಂಬುದು ಆಸೆ) ಇಳಿಯಿತಾ? ಇಲ್ಲ! ಲೆಕ್ಕ ಹಾಕಿ. ಒಣಗಿದರೆ 1 ಗ್ರಾಂ ತೂಗುವ ಎಲೆ ಎಂದಿಟ್ಟುಕೊಳ್ಳಿ, ಅದರಲ್ಲಿ ಸಾರಜನಕ ಶೇ 1. ಅಂದರೆ 10 ಮಿಲಿಗ್ರಾಂ, ನೈಟ್ರೇಟ್ ಲೆಕ್ಕದಲ್ಲಿ 44 ಮಿಲಿಗ್ರಾಂ. ನನ್ನ 200 ಲೀಟರಿಗೆ ಹಂಚಿದರೆ 0.22 ಪಿಪಿಎಂ. ಒಂದು ಎಲೆಗೆ ಇಷ್ಟೇ. ನಾನು ಸಂಜೆ ಹಾಕುವ ಮೈಸಿಸ್ ಕ್ಯೂಬು (ಮೀನಿಗೆ ಹಾಕುವ ಹೆಪ್ಪುಗಟ್ಟಿಸಿದ ಸೀಗಡಿಯಂಥ ಪುಟ್ಟ ಜೀವಿಗಳ ತುಂಡು) ಒಂದೇ ದಿನದಲ್ಲಿ ಇದಕ್ಕಿಂತ ಜಾಸ್ತಿ ತುಂಬುತ್ತದೆ. ಅದೂ ಹಣ್ಣಾದ ಎಲೆ ನೀರಿಗೆ ಬೀಳುವ ಮೊದಲು ತೆಗೆದರೆ ಮಾತ್ರ ಲಾಭ, ಬಿದ್ದು ಕೊಳೆತರೆ ಬಂದದ್ದೆಲ್ಲ ವಾಪಸ್ ನೀರಿಗೆ. ಸದ್ಯಕ್ಕೆ ಕೆಲಸ ಮಾಡುತ್ತಿರುವುದು ಕೀಟೊ ಪಾಚಿ. ಅದನ್ನು ಹಿಂಡಿ ಹಿಡಿಗಟ್ಟಲೆ ತೆಗೆಯುತ್ತಿದ್ದೇನೆ, ಹೆಸರು ಮಾತ್ರ ಕಾಂಡ್ಲಾಗೆ. ಫಿಲ್ಟರ್ ಒಂದೇ ಬೇಕಿದ್ದರೆ ಕೀಟೊ ಹಾಕಿ ಸುಮ್ಮನಿರಿ. ಕಾಂಡ್ಲಾ ಬೇಕೆನಿಸಿದರೆ ಕಾಂಡ್ಲಾಗಾಗಿಯೇ ಬೆಳೆಸಿ. ಮರಳಿನೊಳಗೆ ಬೇರು ಇಳಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಏನಾಗುತ್ತದೆ ಎನ್ನುವುದೇ ನನ್ನ ಮುಂದಿನ ಕುತೂಹಲ.

ಅಲ್ಲ, ಮುಂದಿನದು ಬೇರೆಯೇ ಇದೆ. ಉಬ್ಬರ-ಇಳಿತದ ಟ್ಯಾಂಕ್! ಕೆಸರು, ಪೆನ್ಸಿಲ್‌ಗಳಂತೆ ಮೇಲೆ ಚುಚ್ಚಿಕೊಂಡು ನಿಲ್ಲುವ ಅವಿಸೆನಿಯಾ ಬೇರು, ಅದರ ನಡುವೆ ತೆವಳುವ ಮಡ್‌ಸ್ಕಿಪ್ಪರ್ ಮೀನು. ಅಂಗಡಿಯ ಟೈಮರ್ ಇದಕ್ಕೆ ಆಗುವುದಿಲ್ಲ, ಉಬ್ಬರದಿಂದ ಉಬ್ಬರಕ್ಕೆ 12 ಗಂಟೆ 25 ನಿಮಿಷ, ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಸರಿಯುತ್ತದೆ. ಈಎಸ್‌ಪಿ-32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಕೋಡ್ ಅರ್ಧ ಬರೆದಿದ್ದೇನೆ. ಗೆಳೆಯನ ಅಪ್ಪ ಒಂದು ಹಿಡಿ ಕಗ್ಗದ ಬೀಜವನ್ನೂ ಕಳಿಸುತ್ತೇನೆ ಎಂದಿದ್ದಾರೆ, ಆ ಟ್ಯಾಂಕಿನ ಏರಿಯ ಮೇಲೆ ಬಿತ್ತಿ ನೋಡುವ ಆಸೆ ಬೇರೆ. ಮನೆಯಲ್ಲಿ ಇನ್ನೂ ಹೇಳಿಲ್ಲ. ಊಟದ ಮೇಜಿನ ಅಳತೆ ಮಾತ್ರ ತೆಗೆದುಕೊಂಡಿದ್ದೇನೆ.

ಯಾರ ಬಳಿಯಾದರೂ ಕೂತಲ್ಲೇ ಕೂತಿರುವ 12 ವೋಲ್ಟ್ ಪೆರಿಸ್ಟಾಲ್ಟಿಕ್ ಪಂಪು ಇದ್ದರೆ ಹೇಳಿ. ಬದಲಿಗೆ ಕೀಟೊ ಕೊಡುತ್ತೇನೆ, ಎಷ್ಟು ಬೇಕಾದರೂ.