ಇಂಟರ್‌ವ್ಯೂಗೆ ಮುಂಚೆ ಹಾಡು: ಯಾವಾಗ ಹಾಕಬೇಕು, ಯಾವಾಗ ನಿಲ್ಲಿಸಬೇಕು

ಇಂಟರ್‌ವ್ಯೂ ದಿನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುವುದು ತಪ್ಪಲ್ಲ. ಓದುವಾಗ, ಮೆಟ್ರೋದಲ್ಲಿ, ರಿಸೆಪ್ಷನ್ನಿನ ಸೋಫಾ ಮೇಲೆ ಎಲ್ಲ ಕಡೆಯೂ ಒಂದೇ ಪ್ಲೇಲಿಸ್ಟ್ ಓಡಿಸುವುದು ತಪ್ಪು.

ಉತ್ತರ ಅಭ್ಯಾಸ ಮಾಡುವಾಗ ಸಾಹಿತ್ಯವಿರುವ ಹಾಡು ಬೇಡವೇ ಬೇಡ. ನೀವು ಮನಸ್ಸಿನಲ್ಲಿ ವಾಕ್ಯ ಜೋಡಿಸುತ್ತಿರುವ ಜಾಗಕ್ಕೇ ಹಾಡಿನ ಮಾತೂ ನುಗ್ಗುತ್ತದೆ. ಮನೋವಿಜ್ಞಾನಿಗಳಾದ ಸಲಾಮೆ ಮತ್ತು ಬ್ಯಾಡ್ಲಿ 1989ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅಂಕಿಗಳನ್ನು ಕ್ರಮವಾಗಿ ನೆನಪಿಡುವುದಕ್ಕೆ ವಾದ್ಯಕ್ಕಿಂತ ಹಾಡುಗಾರಿಕೆಯೇ ಹೆಚ್ಚು ಅಡ್ಡಿಯಾಗಿತ್ತು. ಹಾಗಂತ ವೀಣೆಯಲ್ಲಿ ಪರಿಚಿತ ದೇವರನಾಮ ಹಾಕಿದರೂ ಕಷ್ಟವೇ, ಸಾಹಿತ್ಯ ತಾನಾಗಿ ನಾಲಿಗೆಗೆ ಬಂದುಬಿಡುತ್ತದೆ. ಬೇಕೇ ಬೇಕೆಂದರೆ ಕೊಳಲಿನ ಆಲಾಪನೆ ಹಾಕಿ. ಮೊಜಾರ್ಟ್ ಕೇಳಿದರೆ ಬುದ್ಧಿ ಚುರುಕಾಗುತ್ತದೆ ಎಂಬ ಮಾತನ್ನು ನಂಬಬೇಡಿ: ಆ ಮಾತಿಗೆ ಮೂಲವಾದ 1993ರ ಅಧ್ಯಯನದಲ್ಲಿ ಕಂಡದ್ದು ಒಂದು ಬಗೆಯ ಆಕಾರ-ಜೋಡಣೆಯ ಪರೀಕ್ಷೆಯಲ್ಲಿ ಹದಿನೈದು ನಿಮಿಷವೂ ಉಳಿಯದ ಸುಧಾರಣೆ.

ದಾರಿಯಲ್ಲಿ ಎದೆ ಹೊಡೆದುಕೊಳ್ಳುತ್ತಿದ್ದರೆ ತಾಳದ ಆ್ಯಪ್‌ನಲ್ಲಿ ತಂಬೂರಿ ಶ್ರುತಿ ಇಟ್ಟು, ಆದಿತಾಳವನ್ನು ನಿಮಿಷಕ್ಕೆ 48 ಎಣಿಕೆಗೆ ಹೊಂದಿಸಿ. ಎಂಟು ಎಣಿಕೆಯ ಒಂದು ಆವರ್ತನಕ್ಕೆ ಸರಿಯಾಗಿ ಹತ್ತು ಸೆಕೆಂಡ್. ಮೊದಲ ನಾಲ್ಕು ಎಣಿಕೆಗೆ (ಲಘು) ಉಸಿರು ಒಳಗೆ, ಉಳಿದ ನಾಲ್ಕಕ್ಕೆ (ಎರಡು ದ್ರುತ) ಹೊರಗೆ. ನಿಮಿಷಕ್ಕೆ ಆರು ಉಸಿರಾಯಿತು. ಐದು ನಿಮಿಷ ಸಾಕು. ತಲೆ ತಿರುಗಿದಂತಾದರೆ ಉಸಿರನ್ನು ಜೋರಾಗಿ ಎಳೆಯುತ್ತಿದ್ದೀರಿ ಎಂದರ್ಥ. ಆಗ ಲಯ ಬದಲಿಸಬೇಡಿ, ಉಸಿರಿನ ಪ್ರಮಾಣ ಕಡಿಮೆ ಮಾಡಿ. ಗಾಡಿ ಓಡಿಸುತ್ತಿದ್ದರೆ ಇದೆಲ್ಲ ಬೇಡ.

ಹುರುಪಿನ ಹಾಡಿಗೂ ಜಾಗವಿದೆ. 2014ರಲ್ಲಿ ಹಾರ್ವರ್ಡ್‌ನ ಆ್ಯಲಿಸನ್ ವುಡ್ ಬ್ರೂಕ್ಸ್ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣ ಮಾಡುವ ಮುನ್ನ 'ನಾನು ಶಾಂತವಾಗಿದ್ದೇನೆ' ಎಂದುಕೊಂಡವರಿಗಿಂತ 'ನನಗೆ ಹುರುಪು ಬಂದಿದೆ' ಎಂದುಕೊಂಡವರು ಚೆನ್ನಾಗಿ ಮಾತಾಡಿದ್ದರು. ಕೈ ನಡುಗಿಸುವ ಆ ಕಸುವನ್ನೇ ಉತ್ಸಾಹದ ಕಡೆ ತಿರುಗಿಸುವುದು ಸುಲಭ. ಬೇಸ್ ಗಟ್ಟಿಯಿರುವ ಎರಡು ಹಾಡು ಅದಕ್ಕೆ ಸಾಕು. ಆದರೆ ವಾಕ್-ಇನ್‌ಗಳಲ್ಲಿ ಟೋಕನ್ ಹಿಡಿದು ಎರಡು ಗಂಟೆ ಕಾಯಿಸುತ್ತಾರೆ. ಗೇಟಿನ ಹತ್ತಿರವೇ ಡೊಳ್ಳು ಕುಣಿತದ ಲಯಕ್ಕೆ ಏರಿದ್ದು ನಿಮ್ಮ ಸರದಿ ಬರುವಷ್ಟರಲ್ಲಿ ಪೂರ್ತಿ ಇಳಿದು ಆಕಳಿಕೆ ಶುರುವಾಗಿರುತ್ತದೆ. ಮುಂದೆ ಒಬ್ಬರೋ ಇಬ್ಬರೋ ಉಳಿದಾಗ ಹಾಕಿ, ಒಂದೇ ಕಿವಿಗೆ; ಇಲ್ಲದಿದ್ದರೆ ಎಚ್‌ಆರ್ ಹೆಸರು ಕೂಗಿದ್ದು ಕೇಳಿಸುವುದಿಲ್ಲ.

ಒಳಗೆ ಹೋಗುವ ಮುನ್ನ ಎರಡು ನಿಮಿಷ ಏನೂ ಕೇಳಬೇಡಿ. ನನ್ನ ಪ್ರಕಾರ ಇಡೀ ತಯಾರಿಯಲ್ಲಿ ಬಿಡಲೇಬಾರದ್ದು ಇದೊಂದೇ. ಸಂಶೋಧಕ ಬರ್ನಾರ್ಡಿ ಮತ್ತು ಸಂಗಡಿಗರ 2006ರ ಅಧ್ಯಯನದಲ್ಲಿ ವೇಗದ ಸಂಗೀತಕ್ಕೆ ಉಸಿರು, ನಾಡಿಬಡಿತ, ರಕ್ತದೊತ್ತಡ ಏರಿದವು. ನಡುವೆ ಎರಡು ನಿಮಿಷ ಸಂಗೀತ ನಿಲ್ಲಿಸಿದಾಗ ನಾಡಿಬಡಿತ, ರಕ್ತದೊತ್ತಡ ಮೊದಲಿದ್ದ ಮಟ್ಟಕ್ಕಿಂತಲೂ ಕೆಳಗಿಳಿದವು. ಹಾಡನ್ನು ಅರ್ಧಕ್ಕೆ ಕತ್ತರಿಸದೆ ಕೊನೆಯವರೆಗೂ ಕೇಳಿ ನಿಲ್ಲಿಸಿ, ಪಲ್ಲವಿ ತಲೆಯಲ್ಲಿ ಸುತ್ತುವುದು ಕಡಿಮೆಯಾಗಬಹುದು. (ಚ್ಯೂಯಿಂಗ್ ಗಮ್ ಜಗಿದರೂ ಆಗುತ್ತದಂತೆ, ಆದರೆ ಒಳಗೆ ಹೋಗುವ ಮುಂಚೆ ಉಗುಳಿ.)

ಮನೆಯಿಂದಲೇ ವಿಡಿಯೋ ಇಂಟರ್‌ವ್ಯೂ ಆದರೆ ಇನ್ನೊಂದು ತೊಡಕು. ಬೆಳಗ್ಗೆಯಿಂದ ಯಾರೊಡನೆಯೂ ಮಾತಾಡದಿದ್ದರೆ ಮೊದಲ ಉತ್ತರವೇ ಗೊಗ್ಗರು ದನಿಯಲ್ಲಿ ಬರುತ್ತದೆ. ಹತ್ತು ನಿಮಿಷ ಮುಂಚೆ ಬಾಯಿ ಮುಚ್ಚಿಕೊಂಡು ಮಂದ್ರ ಪಂಚಮದಿಂದ (ಕೆಳಗಿನ ಸ್ಥಾಯಿಯ 'ಪ') ಷಡ್ಜದವರೆಗೆ ('ಸ') ಎರಡು ನಿಮಿಷ ಗುನುಗಿ. ಆಮೇಲೆ ಮ್ಯೂಸಿಕ್ ಆ್ಯಪ್ ಪೂರ್ತಿ ಮುಚ್ಚಿ. ಹೆಡ್‌ಸೆಟ್ ಫೋನಿಗೂ ಲ್ಯಾಪ್‌ಟಾಪಿಗೂ ಒಟ್ಟಿಗೇ ಜೋಡಣೆಯಾಗಿದ್ದರೆ ನಡುವೆ ಯಾರದ್ದೋ ಕರೆ ಬಂದಾಗ ಸದ್ದು ಫೋನಿನ ಕಡೆ ಹಾರಿ, ಅವರು ಕೇಳಿದ ಪ್ರಶ್ನೆ ನಿಮಗೆ ತಲುಪದೇ ಹೋಗಬಹುದು. ಫೋನಿನ ಬ್ಲೂಟೂತ್ ಆಫ್ ಮಾಡಿಯೇ ಲಿಂಕ್ ಒತ್ತಿ.