ಓಪಾ ಯಾವ ದೇಶಕ್ಕೆ ಹೋದರು?

ಹೋದ ಶನಿವಾರ ಬೆಳಿಗ್ಗೆ ಪಕ್ಕದ ಮನೆಯ ಮುಂದೆ ಒಂದು ಹಾಸಿಗೆ ನಿಂತಿತ್ತು. ಇಬ್ಬರು ಮಲಗುವ ದೊಡ್ಡ ಹಾಸಿಗೆ. ಗೋಡೆಗೆ ಒರಗಿಸಿ ಮೇಲೆ ನೀಲಿ ಪ್ಲಾಸ್ಟಿಕ್ ಹೊದಿಸಿದ್ದರು. ಇಲ್ಲಿ ಇಂಥ ದೊಡ್ಡ ಸಾಮಾನು ಎಸೆಯಬೇಕಾದರೆ ಮುಂಚೆಯೇ ಹೇಳಿ ದಿನ ಗೊತ್ತು ಮಾಡಿಕೊಳ್ಳಬೇಕು, ಆಮೇಲೆ ಗಾಡಿ ಬರುತ್ತದೆ. ಅದು ಸರಿ, ಎಸೆಯುವ ಹಾಸಿಗೆ ನೆನೆದರೆ ಏನು, ಬಿಟ್ಟರೆ ಏನು ಅಂದುಕೊಂಡು ನಾನು ಸೈಕಲ್ಲಿನ ಬೀಗ ತೆಗೆಯುತ್ತಿದ್ದೆ. ಮಗಳ ಈಜಿನ ಕ್ಲಾಸಿಗೆ ಹೊತ್ತಾಗಿತ್ತು.

ಅಷ್ಟರಲ್ಲಿ ಓಮಾ ಹೊರಗೆ ಬಂದರು. ಡಚ್ಚರು ಅಜ್ಜಿಗೆ ಓಮಾ, ತಾತನಿಗೆ ಓಪಾ ಅನ್ನುತ್ತಾರೆ. ನಾವು ನೆದರ್ಲೆಂಡ್ಸಿಗೆ, ವೆಲ್ಡ್‌ಹೋವನ್ ಊರಿನ ಈ ಬೀದಿಗೆ ಬಂದ ವರ್ಷದಿಂದ ಮಗಳಿಗೆ ಪಕ್ಕದ ಮನೆಯವರೇ ಓಮಾ, ಓಪಾ. ಅವಳು ಡಚ್ಚಿನಲ್ಲಿ ಕೇಳಿದಳು, ಹೊಸ ಹಾಸಿಗೆ ತರ್ತೀರಾ ಅಂತ. "ಹೂಂ, ಚಿಕ್ಕದು" ಅಂದರು ಓಮಾ. "ಓಪಾಗೆ?" ಅಂದಳು. ನಾಳೆ ಮಳೆ ಬರಬಹುದು ಅನ್ನುವ ದನಿಯಲ್ಲೇ ಓಮಾ ಒಂದು ಮಾತು ಹೇಳಿ ಒಳಗೆ ಹೋದರು. ಓಪಾ ವ್ರೇಮ್ಡ್‌ಖಾನ್ ಮಾಡಿದ್ದಾರೆ ಅಂತ.

ನನಗೆ ಕಾಲು ಪೆಡಲ್ ಮೇಲೆ ನಿಲ್ಲಲಿಲ್ಲ. ಮಗಳು ಮಾತ್ರ ಆರಾಮಾಗಿ ಸೈಕಲ್ ತುಳಿದಳು. ರೌಂಡಬೌಟ್ ದಾಟಿದ ಮೇಲೆ ಕೇಳಿದಳು, "ಅಮ್ಮಾ, ಓಪಾ ಯಾವ ದೇಶಕ್ಕೆ ಹೋದ್ರು?"

ಅವಳದ್ದು ತಪ್ಪಿಲ್ಲ. ಡಚ್ಚಿನಲ್ಲಿ ವ್ರೇಮ್ಡ್ ಅಂದರೆ ಅಪರಿಚಿತ, ಹೊರಗಿನದು. ಖಾನ್ ಅಂದರೆ ಹೋಗುವುದು. ಹೊರದೇಶದವನಿಗೆ ವ್ರೇಮ್ಡೆಲಿಂಗ್ ಅನ್ನುತ್ತಾರೆ. ನಮ್ಮ ವೀಸಾ, ಇಲ್ಲಿರುವ ಪರ್ಮಿಟ್ಟು ಎಲ್ಲ ಅದೇ ಹೆಸರಿನ ಕಾಯ್ದೆಯ ಕೆಳಗೆ ಬರುತ್ತದೆ. ಎರಡು ಪದ ಕೂಡಿಸಿದರೆ ಕಟ್ಟಿಕೊಂಡವರನ್ನು ಬಿಟ್ಟು ಇನ್ನೊಬ್ಬರ ಹತ್ತಿರ ಹೋಗುವುದು ಅಂತ ಅರ್ಥವಾಗುತ್ತದೆ ಎಂದು ಎಂಟು ವರ್ಷದ ಮಗುವಿಗೆ ಹೇಗೆ ಗೊತ್ತಾಗಬೇಕು?

ಏನೂ ಇಲ್ಲ ಬಾ, ಲೇಟಾಯ್ತು ಅಂದೆ. ಅವಳು ಬಿಡಲಿಲ್ಲ. "ಅಪ್ಪನೂ ನಿನ್ನ ಬಿಟ್ಟು ಮೊದ್ಲು ಇಲ್ಲಿಗೆ ಬಂದಿದ್ದ ಅಲ್ವಾ? ಆಗ ನೀನೂ ಹಾಸಿಗೆ ಹೊರಗೆ ಹಾಕಿದ್ಯಾ?"

ನಗು ಬಂತು. ಈಜುಕೊಳದ ಕ್ಯಾಂಟೀನಿನಲ್ಲಿ ಕೂತು, ಗಾಜಿನಾಚೆ ಅವಳು ಕೈಕಾಲು ಬಡಿಯುವುದನ್ನು ನೋಡುತ್ತಾ ಅದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ನಮ್ಮಲ್ಲೂ ಹಾಗೇ ಅಲ್ವಾ. ಪರದೇಶ, ಪರಸ್ತ್ರೀ, ಪರಪುರುಷ. ದೇಶ ಬಿಟ್ಟವರಿಗೂ ಮನೆ ಬಿಟ್ಟವರಿಗೂ ಒಂದೇ 'ಪರ'.

ಮಂಗಳವಾರ ಚಿತ್ರಾನ್ನ ಮಾಡಿ ಒಂದು ಡಬ್ಬಿಯಲ್ಲಿ ತೆಗೆದುಕೊಂಡು ಹೋದೆ. ದುಃಖದ ಮನೆಗೆ ಬರಿಗೈಯಲ್ಲಿ ಹೋಗುವುದು ನಮಗೆ ಬಾರದಲ್ಲ. ದಾರಿಯಲ್ಲಿ, ದಾರಿ ಅಂದರೆ ಹನ್ನೆರಡು ಹೆಜ್ಜೆ, ಏನು ಹೇಳಲಿ ಅಂತ ಯೋಚಿಸಿದೆ. ಊರಿನಲ್ಲಾಗಿದ್ದರೆ ಮಾತು ಸಿದ್ಧ ಇರುತ್ತಿತ್ತು. ಹೋಗ್ಲಿ ಬಿಡಿ, ಗಂಡಸರೇ ಹಾಗೆ, ವಯಸ್ಸಾದ ಮೇಲೆ ಎಲ್ಲಿಗೆ ಹೋಗ್ತಾರೆ, ವಾಪಸ್ ಬರ್ತಾರೆ, ಹೊಂದ್ಕೊಂಡು ಹೋಗಿ. ಇದರಲ್ಲಿ ಒಂದು ಸಾಲನ್ನೂ ಡಚ್ಚಿನಲ್ಲಿ ಹೇಳಲು ನನಗೆ ಬರಲಿಲ್ಲ. ಬರದೇ ಇದ್ದದ್ದೇ ಒಳ್ಳೆಯದಾಯಿತು.

ಓಮಾ ಕಾಫಿ ಕೊಟ್ಟರು, ಜೊತೆಗೆ ಒಂದೇ ಒಂದು ಬಿಸ್ಕತ್ತು. ಕಿಟಕಿಗೆ ಪರದೆ ಇಲ್ಲ, ಬೀದಿಯಲ್ಲಿ ಹೋಗುವವರೆಲ್ಲ ನಮ್ಮನ್ನು ನೋಡುತ್ತಿದ್ದರು. ನಾನು ಕೇಳುವ ಮೊದಲೇ ಅವರೇ ಶುರು ಮಾಡಿದರು. ಮದುವೆಯಾಗಿದ್ದು 1979ರಲ್ಲಂತೆ. ಆಗಲೇ ಇಬ್ಬರೂ ಒಂದು ಆಫ್‌ಸ್ಪ್ರಾಕ್ ಮಾಡಿಕೊಂಡಿದ್ದರಂತೆ. ಡೆಂಟಿಸ್ಟ್ ಹತ್ತಿರ ಹೋಗಲೂ ಆಫ್‌ಸ್ಪ್ರಾಕ್, ಗೆಳತಿಯ ಮನೆಗೆ ಕಾಫಿಗೆ ಹೋಗಲೂ ಆಫ್‌ಸ್ಪ್ರಾಕ್. ಮಾತು ಕೊಟ್ಟು ಗೊತ್ತು ಮಾಡಿಕೊಂಡದ್ದು ಅಂತ. ಇವರ ಆಫ್‌ಸ್ಪ್ರಾಕ್ ಏನಪ್ಪಾ ಅಂದರೆ, ಯಾರಿಗಾದರೂ ಇನ್ನೊಬ್ಬರ ಮೇಲೆ ಮನಸ್ಸಾದರೆ ಮೊದಲು ಮನೆಯಲ್ಲಿ ಹೇಳಬೇಕು. ಹೇಳಿ ಹೋದರೆ ಅದು ವ್ರೇಮ್ಡ್‌ಖಾನ್ ಅಲ್ಲ.

"ಹೇಳಿದ್ರಾ ಯಾವತ್ತಾದ್ರೂ?" ಅಂತ ಬಾಯಿ ತಪ್ಪಿ ಕೇಳಿಬಿಟ್ಟೆ.

"ಎರಡು ಸಲ. ಒಂದ್ಸಲ ಅವನು, ಒಂದ್ಸಲ ನಾನು" ಅಂದರು. ನಾನು ಕಾಫಿ ಕಪ್ಪನ್ನು ಮೇಜಿನ ಮೇಲೆ ಇಟ್ಟೆ. ಕೈಯಲ್ಲಿ ಹಿಡಿದಿರುವುದು ಕ್ಷೇಮವಲ್ಲ ಅನ್ನಿಸಿತು.

ಹಾಗಾದರೆ ಈಗ ಕೆಟ್ಟದ್ದೇನು? ಈ ಸಲ ಓಪಾ ಹೇಳಲಿಲ್ಲ. ಪ್ರತಿ ಗುರುವಾರ ಸಂಜೆ ಕೋರಸ್ ಹಾಡಲು ಹೋಗುತ್ತಿದ್ದರು. ಆ ಕೋರಸ್ ತಂಡ ನಿಂತು ಎಂಟು ತಿಂಗಳಾಗಿದ್ದು ಓಮಾಗೆ ತರಕಾರಿ ಸಂತೆಯಲ್ಲಿ ಯಾರೋ ಹೇಳಿದಾಗಲೇ ಗೊತ್ತಾಯಿತು. ಆ ಎಂಟು ತಿಂಗಳೂ ಗುರುವಾರ ರಾತ್ರಿ ಬಂದ ಗಂಡನನ್ನು ಇವರು ಇವತ್ತೇನು ಹಾಡಿದ್ರಿ ಅಂತ ಕೇಳಿದ್ದಾರೆ. ಆತ ಅಡಿಗೆಮನೆಯಲ್ಲಿ ನಿಂತು ಹಾಡಿ ತೋರಿಸಿದ್ದಾರೆ. "ಒಂದು ಹಾಡು ತುಂಬಾ ಇಷ್ಟ ಆಗಿತ್ತು. ಪಾತ್ರೆ ತೊಳೆಯುವಾಗ ಅದನ್ನೇ ಗುನುಗ್ತಿದ್ದೆ" ಅಂದರು ಓಮಾ. ಅಲ್ಲಿಯವರೆಗೆ ನೆಟ್ಟಗಿದ್ದ ದನಿ ಅಲ್ಲಿ ಒಡೆಯಿತು.

ಮೂಗು ಒರೆಸಿಕೊಂಡು, ಮಾತು ಬದಲಿಸಲು ಇರಬೇಕು, ತಮ್ಮ ಚಿಕ್ಕಮ್ಮನ ಕಥೆ ಹೇಳಿದರು. 1971ಕ್ಕೆ ಮುಂಚೆ ನೆದರ್ಲೆಂಡ್ಸಿನಲ್ಲಿ ಇಬ್ಬರಿಗೂ ಬೇಡ ಅನ್ನಿಸಿದರೂ ಸುಮ್ಮನೆ ವಿಚ್ಛೇದನ ಸಿಗುತ್ತಿರಲಿಲ್ಲ. ಕಾರಣ ಬೇಕು. ಎಲ್ಲಕ್ಕಿಂತ ಸುಲಭದ ಕಾರಣ ಹಾದರ. 1883ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟು, ಹಾದರ ಮಾಡಿದ್ದೇನೆ ಅಂತ ಒಬ್ಬರು ಒಪ್ಪಿಕೊಂಡರೆ ಸಾಕು, ಬೇರೆ ಸಾಕ್ಷಿ ಬೇಡ ಅಂತ ತೀರ್ಪು ಕೊಟ್ಟಿತ್ತು. ಹಾಗಾಗಿ ಏನೂ ಮಾಡದ ಗಂಡಸರು ಕೋರ್ಟಿನಲ್ಲಿ ಮಾಡಿದ್ದೇನೆ ಅಂತ ಒಪ್ಪಿಕೊಂಡು ಬಿಡುಗಡೆ ಪಡೆಯುತ್ತಿದ್ದರು. ಇದಕ್ಕೆ ಜನ 'ದೊಡ್ಡ ಸುಳ್ಳು' ಅಂತಲೇ ಹೆಸರಿಟ್ಟಿದ್ದರು. ಚಿಕ್ಕಮ್ಮನ ಗಂಡ ಹೀಗೆ ಒಪ್ಪಿಕೊಂಡವರೇ. "ಪಾಪ, ಯಾರನ್ನೂ ತಲೆಯೆತ್ತಿ ನೋಡ್ದೋನಲ್ಲ" ಅಂದು ಓಮಾ ನಕ್ಕರು. 1971ರಲ್ಲಿ ಕಾನೂನು ಬದಲಾಯಿತು. ಸಂಸಾರ ಮುರಿದುಹೋಗಿದೆ ಅಂದರೆ ಸಾಕಾಯಿತು. ಹಾದರ ಅಪರಾಧವಾಗಿಯೂ ಉಳಿಯಲಿಲ್ಲ. ಆದರೂ ಗಂಡ ಹೆಂಡತಿ ಒಬ್ಬರಿಗೊಬ್ಬರು ನಿಷ್ಠರಾಗಿರಬೇಕು ಅನ್ನುವ ಸಾಲು ಇವರ ಸಿವಿಲ್ ಕಾನೂನಿನಲ್ಲಿ ಇವತ್ತಿಗೂ ಇದೆ. ಮದುವೆಯಾಗುವುದಕ್ಕೆ ಡಚ್ಚಿನಲ್ಲಿ ಟ್ರೌವನ್ ಅನ್ನುತ್ತಾರೆ, ಟ್ರೌ ಅಂದರೇ ನಿಷ್ಠೆ. ಆ ನಿಷ್ಠೆಯಲ್ಲಿ ಏನೇನು ಸೇರುತ್ತದೆ ಅನ್ನುವುದು ಅವರವರ ಮನೆಗೆ ಬಿಟ್ಟದ್ದು.

ಮೈ ದೊಡ್ಡ ವಿಷಯವೇ ಅಲ್ಲ, ಸುಳ್ಳು ದೊಡ್ಡದು ಅಂತ ಓಮಾ ಮೂರು ಸಲ ಹೇಳಿದರು. ನಾನು ತಲೆಯಾಡಿಸಿದೆ. ಆದರೆ ಪೂರ್ತಿ ನಂಬಲಿಲ್ಲ. ಮೈ ದೊಡ್ಡದಲ್ಲದಿದ್ದರೆ ಹಾಸಿಗೆ ಯಾಕೆ ಬೀದಿಗೆ ಬಂತು? ಸೋಫಾ ಬರಬಹುದಿತ್ತಲ್ಲ, ಆತ ಹಾಡು ಹೇಳಿದ ಅಡಿಗೆಮನೆಯ ಕುರ್ಚಿ ಬರಬಹುದಿತ್ತಲ್ಲ.

ಈ ಪ್ರಶ್ನೆಯನ್ನು ಕಲಿತವರೂ ಕೇಳಿದ್ದಾರೆ. ನಿಮ್ಮ ಸಂಗಾತಿ ಇನ್ನೊಬ್ಬರ ಜೊತೆ ಮಲಗಿದರೆ ಜಾಸ್ತಿ ನೋವೋ, ಮನಸ್ಸು ಕೊಟ್ಟರೆ ಜಾಸ್ತಿ ನೋವೋ ಅಂತ. 1990ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಡೇವಿಡ್ ಬಸ್, ಇಲ್ಲಿನ ಖ್ರೋನಿಂಗನ್ ವಿಶ್ವವಿದ್ಯಾಲಯದ ಬ್ರಾಮ್ ಬ್ಯುಂಕ್ ಮುಂತಾದವರು ಅಮೆರಿಕ, ಜರ್ಮನಿ, ನೆದರ್ಲೆಂಡ್ಸ್ ಮೂರೂ ಕಡೆ ಇದನ್ನೇ ಕೇಳಿದರು. ಮೈಯ ವಿಷಯಕ್ಕೆ ಹೆಚ್ಚು ಸಂಕಟ ಅಂದವರಲ್ಲಿ ಹೆಂಗಸರಿಗಿಂತ ಗಂಡಸರು ಜಾಸ್ತಿ. ಆದರೆ ಗಂಡು ಹೆಣ್ಣಿನ ಈ ವ್ಯತ್ಯಾಸ ಅಮೆರಿಕಕ್ಕಿಂತ ಇಲ್ಲಿ ಕಡಿಮೆ. ಒಳ್ಳೆಯ ಪ್ರಶ್ನೆಯೇ. ಆದರೆ ಎರಡೇ ಉತ್ತರ ಇಟ್ಟು ಒಂದನ್ನು ಆರಿಸು ಅಂದರೆ ಓಮಾ ಅಡಿಗೆಮನೆಯಲ್ಲಿ ಗುನುಗಿದ ಹಾಡನ್ನು ಯಾವ ಕಡೆ ಹಾಕುವುದು?

ನನಗೆ ನೆನಪಾಗಿದ್ದು ತಿಪಟೂರಿನ ದೊಡ್ಡಮ್ಮ.

ದೊಡ್ಡಪ್ಪನದು ಕೊಬ್ಬರಿ ವ್ಯಾಪಾರ. ಪ್ರತಿ ಸೋಮವಾರ ಲೆಕ್ಕ ಚುಕ್ತಾ ಮಾಡಲು ಅರಸೀಕೆರೆಗೆ ಹೋಗುತ್ತಿದ್ದರು. ಹೋಗುವಾಗ ಮೂರು ಡಬ್ಬಿಯ ಹಿತ್ತಾಳೆ ಕ್ಯಾರಿಯರ್ ಜೊತೆಗೆ. ಬರುವುದು ಮಂಗಳವಾರ ಮಧ್ಯಾಹ್ನ. ಉಂಡ ತಟ್ಟೆಯನ್ನು ಯಾವತ್ತೂ ಎತ್ತಿಟ್ಟವರಲ್ಲ ನಮ್ಮ ದೊಡ್ಡಪ್ಪ. ಅಂಥವರ ಕ್ಯಾರಿಯರ್ ಹುಣಸೆಹಣ್ಣು ಹಾಕಿ ಉಜ್ಜಿ ಫಳಫಳ ಹೊಳೆಯುತ್ತಾ ವಾಪಸ್ ಬರುತ್ತಿತ್ತು. ಮನೆಯಲ್ಲಿ ಎಲ್ಲರಿಗೂ ಕಾಣುತ್ತಿತ್ತು, ಯಾರೂ ಮಾತಾಡುತ್ತಿರಲಿಲ್ಲ. ದೊಡ್ಡಮ್ಮ ಅದನ್ನು ಬಚ್ಚಲಿಗೆ ಒಯ್ದು ಇನ್ನೊಂದು ಸಲ ಉಜ್ಜುತ್ತಿದ್ದರು. ಒಂದೊಂದು ಡಬ್ಬಿಯನ್ನೂ ಮೂಗಿನ ಹತ್ತಿರ ತಂದು ಮೂಸಿ ನೋಡಿ ಆಮೇಲೆ ಕಪಾಟಿನಲ್ಲಿ ಇಡುತ್ತಿದ್ದರು. ನಾನು ಪಿಯುಸಿ ರಜೆಯಲ್ಲಿ ಅಲ್ಲಿದ್ದಾಗ, ತೊಳೆದದ್ದನ್ನೇ ಯಾಕೆ ತೊಳೀತೀರಿ ದೊಡ್ಡಮ್ಮ ಅಂದೆ. ಅವರು ತಲೆಯೆತ್ತಲಿಲ್ಲ. "ಪಾತ್ರೆ ಚೆನ್ನಾಗಿ ಉಜ್ತಾಳೆ ಕಣೆ ಅವ್ಳು" ಅಂದರು.

ಅಷ್ಟೇ. ಆ ವಿಷಯದಲ್ಲಿ ದೊಡ್ಡಮ್ಮನ ಬಾಯಿಂದ ನಾನು ಕೇಳಿದ್ದು ಅದೊಂದೇ ಮಾತು. ಮುಂದಿನ ಸೋಮವಾರ ಬೆಳಿಗ್ಗೆ ಮತ್ತೆ ಅದೇ ಕ್ಯಾರಿಯರ್ ತುಂಬಿಸಿದರು. ಒಬ್ಬರಿಗೆ ಆಗುವಷ್ಟು. ಕೆಳಗಿನ ಡಬ್ಬಿಗೆ ಎರಡು ಮುದ್ದೆ, ನಡುವಿನದಕ್ಕೆ ಅಳೆದು ಎರಡು ಸೌಟು ಸಾರು. ಕೈ ಇನ್ನೊಂದು ಸೌಟಿಗೆ ಹೋಗಲಿಲ್ಲ. ಅದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ.

ನಮ್ಮ ಅಜ್ಜಿ ದೊಡ್ಡಮ್ಮನಿಗೆ ಒಂದು ಗಾದೆ ಹೇಳಿ ಸಮಾಧಾನ ಮಾಡುತ್ತಿದ್ದರಂತೆ. ಇಟ್ಟುಕೊಂಡವಳು ಇರೋ ತನಕ, ಕಟ್ಟಿಕೊಂಡವಳು ಕೊನೆ ತನಕ. ಚಿಕ್ಕವಳಿದ್ದಾಗ ಎಷ್ಟು ಚೆನ್ನಾಗಿದೆ ಅನ್ನಿಸಿತ್ತು. ಈಗ ಕೇಳಿದರೆ ಸಿಟ್ಟು ಬರುತ್ತದೆ. ಕೊನೆ ತನಕ ಕಾಯಿ ಅಂತ ಹೇಳುವುದೂ ಒಂದು ಸಮಾಧಾನವಾ?

2018ರ ಸೆಪ್ಟೆಂಬರ್ 27ರಂದು ನಮ್ಮ ಸುಪ್ರೀಂ ಕೋರ್ಟಿನ ಐದು ನ್ಯಾಯಾಧೀಶರ ಪೀಠ ಐಪಿಸಿ 497ನೇ ಸೆಕ್ಷನ್ನನ್ನು ತೆಗೆದುಹಾಕಿದಾಗ ನಾವು ಇಲ್ಲಿಗೆ ಬಂದಾಗಿತ್ತು. ಫ್ಯಾಮಿಲಿ ಗ್ರೂಪಿನಲ್ಲಿ ಒಂದೇ ಗದ್ದಲ. ಇನ್ನು ಯಾರು ಏನು ಬೇಕಾದರೂ ಮಾಡಬಹುದು, ಸಂಸ್ಕೃತಿ ಹೋಯಿತು ಅಂತ ಮಾವಂದಿರೆಲ್ಲ ಬರೆದರು. ಆ ಸೆಕ್ಷನ್ನಿನಲ್ಲಿ ಏನಿತ್ತು ಅಂತ ಒಬ್ಬರಾದರೂ ಓದಿದ್ದರೋ ಇಲ್ಲವೋ. 1860ರ ಕಾನೂನು. ಇನ್ನೊಬ್ಬನ ಹೆಂಡತಿಯ ಜೊತೆ, ಆ ಗಂಡನ ಒಪ್ಪಿಗೆ ಇಲ್ಲದೆ ಹೋದವನಿಗೆ ಶಿಕ್ಷೆ. ಗಂಡ ಒಪ್ಪಿದ್ದರೆ ಅಪರಾಧವೇ ಅಲ್ಲ. ಹೆಂಡತಿ ತನ್ನ ಗಂಡನ ಮೇಲೆ ದೂರು ಕೊಡುವಂತಿರಲಿಲ್ಲ. ಗದ್ದೆಗೆ ನುಗ್ಗಿದ ದನದ ಮೇಲೆ ಗದ್ದೆಯ ಯಜಮಾನ ಕೊಡುವ ದೂರಿನ ಹಾಗೆ. ಅರಸೀಕೆರೆಯವಳು ವಿಧವೆ. ಅಂದರೆ ನಮ್ಮ ದೊಡ್ಡಪ್ಪ ಒಂದು ದಿನವೂ ಆ ಕಾನೂನು ಮುರಿದವರಲ್ಲ. ವಿಚ್ಛೇದನಕ್ಕೆ ಇದು ಆಗಲೂ ಕಾರಣವಾಗಿತ್ತು, ಈಗಲೂ ಹೌದು. ಆದರೆ ತಿಪಟೂರಿನಲ್ಲಿ ಐವತ್ತು ದಾಟಿದ ಹೆಂಗಸು ವಿಚ್ಛೇದನ ಪಡೆದು ಎಲ್ಲಿಗೆ ಹೋಗಬೇಕಿತ್ತು?

ಓಮಾ ದೊಡ್ಡಮ್ಮನಿಗಿಂತ ಸುಖಿ ಅಂತ ಹೇಳಲು ನಾನು ಹೊರಟಿಲ್ಲ. ಒಂಟಿ ಮನೆ, ಚಿಕ್ಕ ಹಾಸಿಗೆ, ಒಂದು ಬಿಸ್ಕತ್ತು. ನೋಡಲು ಆಗಲಿಲ್ಲ ನನಗೆ. ಆದರೆ ಮುರಿದದ್ದು ಏನು ಅಂತ ಓಮಾ ಬೆರಳಿಟ್ಟು ತೋರಿಸಬಲ್ಲರು. 1979ರಲ್ಲಿ ಆಡಿದ ಮಾತು ಅದು. ದೊಡ್ಡಮ್ಮನಿಗೆ ಯಾರೂ ಮಾತೇ ಕೊಟ್ಟಿರಲಿಲ್ಲ. ಅಥವಾ ಕೊಟ್ಟಿದ್ದರು, ಸಂಸ್ಕೃತದಲ್ಲಿ.

ಅವತ್ತು ರಾತ್ರಿ ಮಗಳು ಮಲಗಿದ ಮೇಲೆ ಗಂಡನಿಗೆ ಇದೆಲ್ಲ ಹೇಳಿದೆ. ಡಿಶ್‌ವಾಷರಿಗೆ ತಟ್ಟೆ ಜೋಡಿಸುತ್ತಿದ್ದರು. ಆಫ್‌ಸ್ಪ್ರಾಕ್ ಕಥೆ ಕೇಳಿ ಜೋರಾಗಿ ನಕ್ಕರು. ಹಾಡಿನ ವಿಷಯ ಬಂದಾಗ ನಗಲಿಲ್ಲ.

"ನಮ್ಮಿಬ್ಬರ ಆಫ್‌ಸ್ಪ್ರಾಕ್ ಏನು?" ಅಂದೆ.

"ಅದನ್ನೆಲ್ಲ ಹೇಳ್ಬೇಕಾ? ಗೊತ್ತೇ ಇರುತ್ತಲ್ಲ."

"ನೀವು ಮಂಟಪದಲ್ಲಿ ಹೇಳಿದ್ದೀರಿ. ಧರ್ಮೇ ಚ ಅರ್ಥೇ ಚ ಕಾಮೇ ಚ ಅಂತ ಬಂದಾಗ ನಾತಿಚರಾಮಿ ಅಂದಿರಿ. ಏನಂತ ಗೊತ್ತಾ?"

ಪುರೋಹಿತರು ಹೇಳು ಅಂದರು, ಹೇಳಿದೆ, ಪಂಚೆ ಜಾರುತ್ತಿತ್ತು, ಗಮನವೆಲ್ಲ ಅದರ ಮೇಲೇ ಇತ್ತು ಅಂದರು. ಮೀರಿ ನಡೆಯುವುದಿಲ್ಲ ಅಂತ ಅರ್ಥ ಅಂದೆ. ಕಾಮದಲ್ಲೂ. ಒಂದು ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತರು. ಹದಿಮೂರು ವರ್ಷದ ಮೇಲೆ ಗೊತ್ತಾಗ್ತಿದೆ ನೋಡು ಅಂದರು.

"ಮತ್ತೆ ನೀನೇನು ಹೇಳಿದ್ದೆ?"

"ನನ್ನ ಕೈಲಿ ಏನೂ ಹೇಳಿಸ್ಲಿಲ್ಲ. ಅರುಂಧತಿ ನಕ್ಷತ್ರ ನೋಡು ಅಂದ್ರು. ಪತಿವ್ರತೆ ಅಲ್ವಾ ಅವಳು, ಅದಕ್ಕೆ."

"ಕಾಣ್ಸಿತ್ತಾ?"

"ಮಧ್ಯಾಹ್ನ ಹನ್ನೆರಡೂವರೆ. ಛತ್ರದ ಒಳಗೆ. ಫ್ಯಾನು ಕಾಣಿಸ್ತು. ಕಂಡಿತು ಅನ್ನಮ್ಮಾ ಅಂದ್ರು ಪುರೋಹಿತರು, ಕಂಡಿತು ಅಂದೆ."